ಟ್ಯೂನ್ ನಂದೇ, ಆದರೆ ಎಲ್ಲರೂ ‘ಎಲ್ಲೋ ಕೇಳಿದ್ದೀವಿ’ ಅಂತಾರೆ

ಕೀಬೋರ್ಡ್ ಹುಬ್ಬಳ್ಳಿ:
ಮದುವೆ, ಗಣಪತಿ ಪೆಂಡಾಲ್ ಅಂತ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. 12 ವರ್ಷ ಬೇರೆಯವರ ಹಾಡೇ ನುಡಿಸಿ ಸಾಕಾಯಿತು. ಈ ಸಲ ನಮ್ಮ ಓಣಿಯ ಗಣಪತಿಗೆ ಸ್ವಂತ ಹಾಡೊಂದು ಕಟ್ಟಿದೆ. ರಾಗ ಭೀಮಪಲಾಸಿ. ಮೊದಲ ಸಾಲು ಹಾಡಿದ್ದೇ ತಡ, ಎರಡನೇ ಸಾಲನ್ನು ನಮ್ಮ ತಬಲಾದವನು ತಾನೇ ಗುನುಗಿಬಿಟ್ಟ! ಜೀವ ಹೋದಂಗಾಯಿತು. ಹೆಂಡತಿಯೂ ‘ಇದು ಗೊತ್ತಿದ್ದ ಹಾಡ ಅಲ್ಲೇನ್ರಿ’ ಅಂದಳು. ಯಾವುದು ಅಂದರೆ ಇಬ್ಬರಿಗೂ ನೆನಪಾಗುತ್ತಿಲ್ಲ. ನಾನು ಕದ್ದಿಲ್ಲ, ಗಣಪ್ಪನಾಣೆ. ಹಾಡಿಸಲಾ, ಬಿಡಲಾ?

ಪೇಟಿ ಧಾರವಾಡ:
ಮೊದಲ ಸಾಲಿಗೆ ಹೆದರಬೇಡಿ. ಭೀಮಪಲಾಸಿ ಅಂದಮೇಲೆ ನಿ ಸ ಗ ಮ ಪ ಅಂತಲೇ ಹತ್ತಬೇಕು. ರಿ, ಧ ಬರುವುದು ಇಳಿಯುವಾಗ ಮಾತ್ರ. ಮೆಟ್ಟಿಲೇ ಅಷ್ಟಿರುವಾಗ ಹತ್ತಿದವರ ಸಪ್ಪಳ ಒಂದೇ ಥರ ಕೇಳುತ್ತೆ. ಮಲ್ಲಿಕಾರ್ಜುನ ಮನ್ಸೂರರಂಥವರು ಹಾಡಿದ ಬಂದಿಶ್‌ಗಳನ್ನೇ, ಅಂದರೆ ರಾಗದಲ್ಲಿ ಕಟ್ಟಿಟ್ಟ ಹಾಡುಗಳನ್ನೇ, ನಿನ್ನೆ ಪಾಠಕ್ಕೆ ಸೇರಿದ ಹುಡುಗನೂ ಹಾಡುತ್ತಾನೆ. ಕದ್ದ ಅಂತ ಯಾರೂ ಅನ್ನಲ್ಲ.

ಆದರೆ ತಬಲಾದವನು ಮುಂದಿನ ಸಾಲು ಗುನುಗಿದ ಅಂದಿರಲ್ಲ, ಅದು ಬೇರೆ ಮಾತು. ಎಲ್ಲಿ ತಿರುಗಬೇಕು, ಎಲ್ಲಿ ಎಷ್ಟು ಮಾತ್ರೆ (ತಾಳದ ಎಣಿಕೆ) ನಿಲ್ಲಬೇಕು ಅನ್ನೋದನ್ನೆಲ್ಲ ರಾಗ ಹೇಳಿಕೊಡಲ್ಲ. ಆ ಸಾಲಿನ ಸ್ವರ ಬರೆದು ಹಾಕಿ.

ಏಲಕ್ಕಿ ಹಾವೇರಿ:
ಸುಮ್ನೆ ಹಾಡಿಸಿ ಸರ್. ಶರೀಫಜ್ಜ ತೀರಿಕೊಂಡಿದ್ದು 1889ರಲ್ಲಿ, ಆಗ ಇಲ್ಲೆಲ್ಲಿ ರೆಕಾರ್ಡು? ಪದ ಉಳಿಯಿತು, ಧಾಟಿ ಊರಿಗೊಂದಾಯಿತು. ನಮ್ಮಜ್ಜ ಭಜನೆಯಲ್ಲಿ ಹೇಳುತ್ತಿದ್ದದ್ದೇ ಬೇರೆ. ಈಗ ಅದನ್ನು ಹಾಡಿದರೆ ಹುಡುಗರು ‘ತಪ್ಪು ಹಾಡ್ತೀಯಕ್ಕ’ ಅಂತಾರೆ. ಅವರಿಗೆ ಸಿ. ಅಶ್ವತ್ಥ್ ಹಾಡಿದ್ದೇ ಮೂಲ! ಜನಕ್ಕೆ ಗೊತ್ತಿರೋದೇ ಬೇಕು. ಮದುವೆಯಲ್ಲಿ ಹೊಸ ಹಾಡು ಶುರುವಾದರೆ ಮಂದಿ ಊಟಕ್ಕೆ ಏಳ್ತಾರಲ್ವಾ?

ಕೀಬೋರ್ಡ್ ಹುಬ್ಬಳ್ಳಿ:
ಏಳ್ತಾರಕ್ಕ, ಖರೆ.
ಎರಡನೇ ಸಾಲು: ಪ ಪ ಮ ಗ ಮ ಪ — ನಿ ಧ ಪ ಮ ಗ ರಿ ಸ. ಮಧ್ಯದ ಪ ಮೇಲೆ ಎರಡು ಮಾತ್ರೆ ಜಾಸ್ತಿ ನಿಲ್ಲುತ್ತೇನೆ. ಹಾಡಿನ ಚೆಂದ ಇರೋದೇ ಅಲ್ಲಿ.

ಪೇಟಿ ಧಾರವಾಡ:
ಪೇಟಿ ತೆಗೆದು ನುಡಿಸಿ ನೋಡಿದೆ. ಸಿಟ್ಟಾಗಬೇಡಿ, ಒಂದು ಕೇಳ್ತೀನಿ. ಬೆಳಿಗ್ಗೆ ನಿಮ್ಮ ಓಣಿಗೆ ಕಸದ ಗಾಡಿ ಯಾವ ಹಾಡು ಹಾಕಿಕೊಂಡು ಬರುತ್ತೆ?

ಕೀಬೋರ್ಡ್ ಹುಬ್ಬಳ್ಳಿ:
ಇವತ್ತು ಆರೂವರೆಗೇ ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಅದೇ ರೀ. ಪ ಮೇಲೆ ನಿಲ್ಲೋದು ಸಹಿತ ಅದೇ. ಮೂರು ವರ್ಷದಿಂದ ಅರೆನಿದ್ದೆಯಲ್ಲಿ ಕೇಳಿದ್ದೇನೆ. ತಬಲಾದವನ ಮನೆ ನಮ್ಮ ಹಿಂದಿನ ಓಣಿ, ಗಾಡಿ ನಮ್ಮಲ್ಲಿಂದ ಅಲ್ಲಿಗೇ ಹೋಗುತ್ತೆ.

ಮೊದಲ ಸಾಲು ಇಟ್ಟುಕೊಂಡೆ. ಎರಡನೆಯದನ್ನು ಮ ಮೇಲೆ ನಿಲ್ಲಿಸಿ, ಪ ಮುಟ್ಟದೆ ಇಳಿಸಿ ನೋಡುತ್ತಿದ್ದೇನೆ. ಇನ್ನೂ ಕೂತಿಲ್ಲ. ಹಾಡು ಕೇಳುವ ಗಡಿಬಿಡಿಯಲ್ಲಿ ಕಸ ಹಾಕೋದೇ ಮರೆತು ಬಕೆಟ್ ವಾಪಸ್ ತಂದೆ, ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ.