ಪದಚರ್ಚೆ: ಬಿಸಿಲಿನಲ್ಲಿ ಓಡುವ ಬಸ್ಸನ್ನು ‘ಆರಿಸು’ವುದೇ, ‘ತಣಿಸು’ವುದೇ, ‘ತಂಪಾಗಿ’ಡುವುದೇ?

ಮಾನ್ಯ ಸದಸ್ಯರೇ,

ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ. ಸೇವೆಯಿಂದ ಇಳಿದ ಹಳೆಯ ಬಸ್ಸೊಂದನ್ನು ನನ್ನ ಪರಿಚಯದ ಕೆಲವರು ಕೊಂಡು, ಆಸನಗಳನ್ನೆಲ್ಲ ಕಿತ್ತು, ಪುಸ್ತಕದ ಕಪಾಟುಗಳನ್ನೂ ಓದುವ ಬೆಂಚುಗಳನ್ನೂ ಹಿಂದುಗಡೆ ಇಬ್ಬರು ಮಲಗುವಷ್ಟು ಹಲಗೆಗಳನ್ನೂ ಕೂರಿಸಿ, ಸಂಚಾರಿ ಪುಸ್ತಕಾಲಯವನ್ನಾಗಿ ಮಾರ್ಪಡಿಸಿದ್ದಾರೆ. ಬೇಸಿಗೆ ರಜೆಯಲ್ಲಿ ಅದು ಮಂಗಳೂರಿನಿಂದ ಹೊರಟು, ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ರಾಯಚೂರಿನ ಕಡೆಯ ಹಳ್ಳಿಗಳಿಗೆ ಹೋಗುತ್ತದೆ. ಚಾಲಕರಿಗೂ ಜೊತೆಗೆ ಹೋಗುವ ಹುಡುಗರಿಗೂ ಬೇಕಾದ ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಎರಡು ಪುಟಗಳು ಬಿಸಿಲಿನಲ್ಲಿ ಓಡಿಸುವಾಗ ಬಸ್ಸನ್ನು ತಂಪಾಗಿಡುವುದು ಹೇಗೆ ಎಂಬುದಕ್ಕೇ ಮೀಸಲು. ಮೆಕ್ಯಾನಿಕ್ ಬರೆದುಕೊಟ್ಟ ಟಿಪ್ಪಣಿಯಲ್ಲಿ ಎಂಜಿನ್ನಿಗೂ ‘ಕೂಲಿಂಗ್’, ಚಾಲಕನ ಕ್ಯಾಬಿನ್ನಿಗೂ ‘ಕೂಲಿಂಗ್’, ಹಿಂದೆ ಕುಳಿತ ಮಕ್ಕಳಿಗೂ ‘ಕೂಲಿಂಗ್’ ಎಂದೇ ಇತ್ತು. ನಾನು ಅದನ್ನು ಅಚ್ಚಗನ್ನಡಕ್ಕೆ ತರುವ ಹುರುಪಿನಲ್ಲಿ ಎಡವಿದೆ. ಎಡವಿದ್ದು ಎಲ್ಲಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕೈಪಿಡಿಯಲ್ಲಿ ನಾನು ಬರೆದಿದ್ದ ವಾಕ್ಯ ಇದು (ಮುಳ್ಳು ಎಂದರೆ ಎಂಜಿನ್ನಿನ ಕಾವು ತೋರಿಸುವ ಮೀಟರಿನದು): ‘ಏರುದಾರಿಯಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದರೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ.’ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಗುಂಡ್ಯ ದಾಟಿ ಮಾರನಹಳ್ಳಿಯ ಕಡೆಗೆ ಏರುತ್ತಿದ್ದಾಗ ಮುಳ್ಳು ನಿಜವಾಗಿಯೂ ಮೇಲೆ ಹೋಯಿತು. ನಾನೂ ಬಸ್ಸಿನಲ್ಲಿದ್ದೆ. ಚಾಲಕರು ಬಸ್ಸನ್ನು ಪಕ್ಕಕ್ಕೆ ತಂದು, ಕೈಪಿಡಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಎಂಜಿನ್ನನ್ನು ಥಟ್ಟನೆ ಆಫ್ ಮಾಡಿದರು. ದೀಪ ಆರಿಸುವುದೆಂದರೆ ನಂದಿಸುವುದು ತಾನೆ, ಎಂಜಿನ್ ಆರಿಸುವುದೂ ಅದೇ ಎಂದು ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಾನೆಟ್ಟಿನ ಕೆಳಗೆ ಗೊಳಗೊಳ ಶಬ್ದ ಎದ್ದು, ಹೊರಹರಿವಿನ ಕೊಳವೆಯಿಂದ ಹಸಿರು ನೀರು ಆವಿಯ ಸಮೇತ ರಸ್ತೆಗೆ ಸುರಿಯಿತು. ಹುಡುಗನೊಬ್ಬ ‘ಹಾಲು ಉಕ್ಕಿತು’ ಎಂದ. ನನಗೆ ನಗು ಬಂದರೂ ಅದು ನಗುವ ಹೊತ್ತಾಗಿರಲಿಲ್ಲ.

ನಾನು ಹೇಳಬೇಕೆಂದಿದ್ದುದು ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದು. ಎಂಜಿನ್ ಓಡುತ್ತಿರುವಷ್ಟು ಹೊತ್ತು ಪಂಪು ನೀರನ್ನು ಸುತ್ತಿಸುತ್ತಿರುತ್ತದೆ, ಫ್ಯಾನು ರೇಡಿಯೇಟರಿನ ಮೂಲಕ ಗಾಳಿಯನ್ನು ಎಳೆಯುತ್ತಿರುತ್ತದೆ. ಎಂಜಿನ್ನನ್ನು ನಿಲ್ಲಿಸಿದ ಕೂಡಲೆ ಎರಡೂ ನಿಲ್ಲುತ್ತವೆ, ಆದರೆ ಕಬ್ಬಿಣದೊಳಗಿನ ಕಾವು ನಿಲ್ಲುವುದಿಲ್ಲ. ನೀರಿಗಿಂತ ಹೆಚ್ಚು ಬಿಸಿಯಾಗಿರುವ ಲೋಹ ತನ್ನ ಕಾವನ್ನೆಲ್ಲ ನಿಂತ ನೀರಿಗೆ ಕೊಟ್ಟು ಅದನ್ನು ಕುದಿಸುತ್ತದೆ. ಆದ್ದರಿಂದ ನೀರಿನ ಮಟ್ಟ ಸರಿಯಾಗಿದ್ದು, ಪಂಪನ್ನೂ ಫ್ಯಾನನ್ನೂ ತಿರುಗಿಸುವ ಬೆಲ್ಟು ಗಟ್ಟಿಯಾಗಿದ್ದರೆ, ಬಸ್ಸನ್ನು ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಎಂಜಿನ್ನನ್ನು ಕೆಲವು ನಿಮಿಷ ಹಾಗೆಯೇ ಓಡಲು ಬಿಟ್ಟು, ಮುಳ್ಳು ಇಳಿದ ಮೇಲೆ ಆಫ್ ಮಾಡುವುದು ಲೇಸು. ಬೆಲ್ಟು ಹರಿದಿದ್ದರೆ ಅಥವಾ ನೀರು ಸೋರಿಹೋಗಿದ್ದರೆ ಮಾತ್ರ ಆ ಕ್ಷಣವೇ ಆಫ್ ಮಾಡಬೇಕು, ಏಕೆಂದರೆ ಆಗ ಓಡಿಸುವುದರಿಂದ ತಣಿಯುವುದೇನೂ ಇಲ್ಲ. ಈ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ಹೇಳಬೇಕಾದ ಜಾಗದಲ್ಲಿ, ಎರಡಕ್ಕೂ ಒದಗುವ ಒಂದು ಪದವನ್ನು ಇಟ್ಟು ನಾನು ಕೈತೊಳೆದುಕೊಂಡಿದ್ದೆ.

ಹಾಗೆಂದು ‘ಆರು’ ಎಂಬ ಧಾತುವನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಹಳಗನ್ನಡದಲ್ಲಿ ಶಕಟರೇಫವೆಂಬ ಹಳೆಯ ‘ಱ’ ಅಕ್ಷರದೊಡನೆ ‘ಆಱು’ ಎಂದಿದ್ದ ಈ ಪದ ಎಷ್ಟು ಕಡೆ ಚಾಚಿಕೊಂಡಿದೆ ನೋಡಿ: ಕಾಫಿ ಆರುತ್ತದೆ, ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ದೀಪ ಆರುತ್ತದೆ, ಬಾಯಿ ಆರುತ್ತದೆ, ದಣಿವು ಆರುತ್ತದೆ. ಇವೆಲ್ಲದರಲ್ಲಿಯೂ ಇದ್ದ ಕಾವೋ, ತೇವವೋ, ನೋವೋ ತಾನಾಗಿ, ಹೊತ್ತು ಕಳೆದಂತೆ, ಸುತ್ತಲಿನ ಗಾಳಿಗೆ ಬಿಟ್ಟುಹೋಗುವ ಒಂದು ಭಾವ ಇದೆ. ‘ಆರಿದ ಕಾಫಿ’ ಎಂದರೆ ಯಾರೂ ಅದಕ್ಕೆ ಐಸ್ ಹಾಕಿದರೆಂದು ತಿಳಿಯುವುದಿಲ್ಲ. ಮಗುವಿಗೆ ಹಾಲು ಆರಿಸುವ ತಾಯಿ ಅದನ್ನು ಲೋಟದಿಂದ ಲೋಟಕ್ಕೆ ಎತ್ತರದಿಂದ ತೆಳುವಾಗಿ ಸುರಿಯುತ್ತಾಳೆ. ಹಾಲಿನ ಎಳೆ ತೆಳುವಾದಷ್ಟೂ ಗಾಳಿಗೆ ತಗಲುವ ಮೈ ಹೆಚ್ಚುತ್ತದೆ, ಬೇಗ ಆರುತ್ತದೆ. ರೇಡಿಯೇಟರ್ ಮಾಡುವುದೂ ಇದನ್ನೇ. ಎಂಜಿನ್ನಿನಿಂದ ಬಂದ ಬಿಸಿನೀರನ್ನು ನೂರಾರು ತೆಳುವಾದ ಕೊಳವೆಗಳಲ್ಲಿ ಹರಿಸಿ, ರೆಕ್ಕೆಗಳ ನಡುವೆ ಗಾಳಿ ಹಾಯಿಸಿ, ಆರಿಸಿ ಹಿಂದಕ್ಕೆ ಕಳುಹಿಸುತ್ತದೆ. ರೇಡಿಯೇಟರಿನ ಕೆಲಸವನ್ನು ಹೇಳಲು ಕನ್ನಡದಲ್ಲಿ ಇದಕ್ಕಿಂತ ಸರಿಯಾದ ಕ್ರಿಯಾಪದ ನನಗಂತೂ ಕಾಣುವುದಿಲ್ಲ. ಸಮಸ್ಯೆ ಇರುವುದು ಪ್ರೇರಣಾರ್ಥಕದಲ್ಲಿ ಮಾತ್ರ. ‘ಆರು’ ಎಂಬಲ್ಲಿ ಇಲ್ಲದ ಗೊಂದಲ ‘ಆರಿಸು’ ಎಂಬಲ್ಲಿ ಬರುತ್ತದೆ. ಅದಕ್ಕೆ ನಂದಿಸು ಎಂಬ ಅರ್ಥವೂ, ಸಾಲದ್ದಕ್ಕೆ ಆಯ್ಕೆಮಾಡು ಎಂಬ ಅರ್ಥವೂ ಇದೆ. ಹೀಗಾಗಿ ಈಗ ‘ಎಂಜಿನ್ ಆರಲು ಬಿಡಿ’ ಎಂದು ತಿದ್ದಿದ್ದೇನೆ. ಇಲ್ಲಿಯೂ ‘ಎಂಜಿನ್ ಆರಿಹೋಗಲಿ ಬಿಡಿ’ ಎಂದು ಓದಿಕೊಳ್ಳುವ ಸಾಧ್ಯತೆ ಉಳಿದಿದೆಯೇ ಎಂಬುದು ನಿಮ್ಮ ಮುಂದೆ ಇಡುವ ಮೊದಲ ಪ್ರಶ್ನೆ.

‘ತಣಿಸು’ ಎಂದು ಬರೆಯಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ತಣ್ಣೀರು, ತಂಗಾಳಿ, ತಂಪು, ತಂಗಳು ಎಲ್ಲವೂ ಹುಟ್ಟಿದ ‘ತಣ್’ ಎಂಬ ಬೇರಿನದೇ ಪದವಾದರೂ, ಬಳಕೆಯಲ್ಲಿ ಅದು ಬೇರೆ ದಾರಿ ಹಿಡಿದಿದೆ. ಹಸಿವನ್ನು ತಣಿಸುತ್ತೇವೆ, ಕೋಪವನ್ನು ತಣಿಸುತ್ತೇವೆ, ಕಣ್ಣು ತಣಿಯುವಷ್ಟು ನೋಡುತ್ತೇವೆ. ಅಂದರೆ ಹೊರಗಿನಿಂದ ಏನನ್ನೋ ಕೊಟ್ಟು ಒಳಗಿನ ಉರಿಯನ್ನು ಇಳಿಸುವುದು ತಣಿಸುವುದು. ಏನನ್ನೂ ಕೊಡದೆ ಕಾವು ತಾನಾಗಿ ಇಳಿಯುವಂತೆ ಬಿಡುವುದು ಆರಿಸುವುದು. ಈ ವ್ಯತ್ಯಾಸ ನಿಘಂಟಿನ ಮಟ್ಟಿಗೆ ಸೂಕ್ಷ್ಮವೆನಿಸಬಹುದು, ಘಾಟಿಯ ಪಕ್ಕದಲ್ಲಿ ಅದು ಸೂಕ್ಷ್ಮವಲ್ಲ. ಕುದಿಯುತ್ತಿರುವ ಎಂಜಿನ್ನಿಗೆ ಬಾಟಲಿಯ ತಣ್ಣೀರು ಸುರಿದು ‘ತಣಿಸಲು’ ಹೋದರೆ, ಒಂದು ಕಡೆ ಕಾದು ಇನ್ನೊಂದು ಕಡೆ ಥಟ್ಟನೆ ಕುಗ್ಗಿದ ಲೋಹ ಬಿರುಕು ಬಿಡಬಹುದು. ರೇಡಿಯೇಟರಿನ ಮುಚ್ಚಳ ತೆಗೆಯುವುದಂತೂ ಇನ್ನೂ ಅಪಾಯ, ಏಕೆಂದರೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ, ಮುಚ್ಚಳ ಸಡಿಲಾದ ಕ್ಷಣ ಒಟ್ಟಿಗೆ ಕುದಿದು ಮುಖಕ್ಕೆ ಎರಚುತ್ತದೆ. ಆದ್ದರಿಂದ ಪರಿಷ್ಕರಿಸಿದ ಕೈಪಿಡಿಯಲ್ಲಿ ‘ಆರಲು ಬಿಡಿ, ತಣಿಸಲು ಹೋಗಬೇಡಿ’ ಎಂದು ಎರಡು ಕ್ರಿಯಾಪದಗಳನ್ನೂ ಎದುರುಬದುರಾಗಿ ಇಟ್ಟಿದ್ದೇನೆ. ಎರಡಕ್ಕೂ ‘ಕೂಲ್ ಮಾಡಿ’ ಎಂದು ಬರೆದಿದ್ದರೆ ಈ ವಾಕ್ಯ ಹುಟ್ಟುತ್ತಲೇ ಇರಲಿಲ್ಲ.

ಇನ್ನು ‘ಎಂಜಿನ್ನನ್ನು ತಂಪಾಗಿಡಿ’ ಎಂಬ ಮಾತು. ಪತ್ರಿಕೆಗಳ ವಾಹನ ಅಂಕಣಗಳಲ್ಲಿ ಇದು ಸಾಮಾನ್ಯ, ಆದರೆ ನನ್ನ ಕಿವಿಗೆ ಇದು ಒಗ್ಗುವುದಿಲ್ಲ. ತಂಪು ಎಂಬುದು ಮೈಗೆ ಹಿತವಾಗಿ ತಾಕುವ ಗುಣ: ಮಜ್ಜಿಗೆ ತಂಪು, ಮರದ ನೆರಳು ತಂಪು, ತಂಪು ಕನ್ನಡಕ ಕಣ್ಣಿಗೆ ತಂಪು. ಚೆನ್ನಾಗಿ ಓಡುತ್ತಿರುವ ಡೀಸೆಲ್ ಎಂಜಿನ್ನಿನ ನೀರು ಸುಮಾರು 80ರಿಂದ 95 ಡಿಗ್ರಿಯಲ್ಲಿರುತ್ತದೆ, ಇರಲೇಬೇಕು. ಅದಕ್ಕಿಂತ ಕೆಳಗೆ ಇಳಿದರೂ ಇಂಧನ ಸರಿಯಾಗಿ ಉರಿಯುವುದಿಲ್ಲವಾದ್ದರಿಂದ, ಕಾವು ಬರುವ ತನಕ ನೀರನ್ನು ರೇಡಿಯೇಟರಿಗೆ ಹೋಗದಂತೆ ತಡೆಯಲೆಂದೇ ಥರ್ಮೋಸ್ಟಾಟ್ ಎಂಬ ಬಾಗಿಲನ್ನು ಇಟ್ಟಿರುತ್ತಾರೆ. ಮುಟ್ಟಿದರೆ ಬೊಬ್ಬೆ ಏಳುವ ವಸ್ತುವನ್ನು ತಂಪು ಎನ್ನುವುದು ಹೇಗೆ? ಇಲ್ಲಿ ಬೇಕಾದ ಪದ ‘ಹದ’ ಎಂದು ನನಗೆ ತೋರುತ್ತದೆ. ಸ್ನಾನದ ನೀರಿಗೆ ಹದ ಉಂಟು, ಪಾಕಕ್ಕೆ ಹದ ಉಂಟು, ಬಿತ್ತನೆಯ ಮಣ್ಣಿಗೆ ಹದ ಉಂಟು. ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು ಎಂಬ ತಿಳಿವಳಿಕೆ ಆ ಒಂದು ಪದದಲ್ಲಿದೆ. ‘ಎಂಜಿನ್ನಿನ ಕಾವು ಹದ ಮೀರದಂತೆ ಓಡಿಸಿ: ಏರಿನಲ್ಲಿ ಗೇರ್ ಇಳಿಸಿ, ವೇಗ ಇಳಿಸಿ’ ಎಂದು ಬರೆದಾಗ ಚಾಲಕರು ಮರುಮಾತಿಲ್ಲದೆ ಒಪ್ಪಿದರು.

‘ಕಾವು’ ಎಂದು ಬರೆದೆನಷ್ಟೆ. ಕ್ರಿಯಾಪದವನ್ನು ಬಳಸಲು ಹೋಗಿ ಅಲ್ಲಿಯೂ ಒಮ್ಮೆ ಜಾರಿದ್ದುಂಟು. ಮೊದಲ ಕರಡಿನಲ್ಲಿ ‘ಎಂಜಿನ್ ಕಾಯುವುದನ್ನು ತಪ್ಪಿಸಿ’ ಎಂದಿತ್ತು. ಅದನ್ನು ಓದಿದ ಹುಡುಗ, ‘ರಾತ್ರಿ ಹೊತ್ತು ಎಂಜಿನ್ ಕಾಯೋರು ಬೇಡವಾ ಸಾರ್?’ ಎಂದು ಕೇಳಿದ. ಹೆಂಚು ಕಾಯುವುದೂ ಹೊಲ ಕಾಯುವುದೂ ಬಸ್ಸಿಗಾಗಿ ಕಾಯುವುದೂ ಒಂದೇ ರೂಪದಲ್ಲಿರುವ ಭಾಷೆಯಲ್ಲಿ ಇದು ನ್ಯಾಯವಾದ ಪ್ರಶ್ನೆಯೇ.

ರೇಡಿಯೇಟರಿನ ದ್ರವಕ್ಕೆ ಪಠ್ಯಗಳಲ್ಲಿ ‘ಶೀತಕ’ ಎಂಬ ಪದ ಕಂಡಿದ್ದೇನೆ. ಶೀತವೆಂದರೆ ನೆಗಡಿ ಎಂದೇ ತಿಳಿಯುವ ಊರಿನಲ್ಲಿ ನೆಗಡಿ ತರಿಸುವ ದ್ರವವೆಂದು ಓದಿಕೊಂಡರೆ ತಡೆಯುವವರಿಲ್ಲ. ‘ಕೂಲೆಂಟ್’ ಎಂದೇ ಇಟ್ಟಿದ್ದೇನೆ, ಈ ವಿಷಯದಲ್ಲಿ ವಾದಕ್ಕೆ ನಾನು ಸಿದ್ಧನಿಲ್ಲ.

ಬಸ್ಸಿನ ಒಳಗಿನ ಜಾಗದ ಮಾತು ಬಂದಾಗ ಕನ್ನಡ ಇದ್ದಕ್ಕಿದ್ದಂತೆ ಶ್ರೀಮಂತವಾಗುತ್ತದೆ. ಕರಾವಳಿಯಲ್ಲಿ ಬಸ್ಸಿನೊಳಗೆ ಕುಳಿತವರಿಗೆ ಆಗುವುದು ಸೆಕೆ. ರಾಯಚೂರಿನಲ್ಲಿ ಆಗುವುದು ಝಳ. ಇವೆರಡನ್ನೂ ‘ಉಷ್ಣತೆ’ ಎಂದು ಬರೆದು ಒಂದೇ ಉಪಾಯ ಹೇಳಿದರೆ ಎರಡೂ ಕಡೆ ಕೆಡುತ್ತದೆ. ಸೆಕೆಯಲ್ಲಿ ಗಾಳಿ ತೇವದಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ (ಮತ್ತೆ ಅದೇ ಪದ!), ಅಲ್ಲಿ ಕಿಟಕಿ ತೆರೆದು, ಮಾಡಿನ ಕಿಂಡಿ ಎತ್ತಿ, ಓಟದ ಗಾಳಿಯನ್ನು ಮೈಮೇಲೆ ಹಾಯಿಸುವುದೇ ಉಪಾಯ. ರಾಯಚೂರಿನ ಕಡೆ ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ, ಅಂದರೆ ಮೈಯ ಶಾಖಕ್ಕಿಂತಲೂ ಬಿಸಿಯಾಗಿರುವಾಗ, ಕಿಟಕಿ ತೆರೆಯುವುದೆಂದರೆ ಒಲೆಯ ಬಾಯಿ ತೆರೆದಂತೆ. ಅಲ್ಲಿಯವರು ಮನೆಯಲ್ಲಿ ಮಾಡುವ ಹಾಗೆ ಬಿಸಿಲ ಕಡೆಯ ಕಿಟಕಿ ಮುಚ್ಚಿ, ಗಾಳಿ ಬರುವ ಒಂದೆರಡು ಕಡೆ ಮಾತ್ರ ಲಾವಂಚದ ತಟ್ಟಿಯನ್ನು ನೆನೆಸಿ ಕಟ್ಟಿದರೆ, ಒಣಗಾಳಿ ಆ ನೀರನ್ನು ಹೀರಿ ತಂಪಾಗಿ ಒಳಗೆ ಬರುತ್ತದೆ. ಇದೇ ತಟ್ಟಿಯನ್ನು ಮಂಗಳೂರಿನಲ್ಲಿ ಕಟ್ಟಿದರೆ ಸೆಕೆ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಲಾವಂಚದ ಪರಿಮಳವೊಂದನ್ನು ಬಿಟ್ಟು ಬೇರೆ ಲಾಭವಿಲ್ಲ. ಹಾಗಾಗಿ ಕೈಪಿಡಿಯಲ್ಲಿ ‘ಸೆಕೆಯ ಊರಿನಲ್ಲಿ’, ‘ಝಳದ ಊರಿನಲ್ಲಿ’ ಎಂದು ಎರಡು ತಲೆಬರಹಗಳನ್ನು ಕೊಟ್ಟೆ. ಹವಾಮಾನದ ಪಾಠವನ್ನು ಎರಡು ಪದಗಳೇ ಮಾಡಿಬಿಟ್ಟವು.

ಇನ್ನೊಂದು ಪದ ಸುಲಭವಾಗಿ ದಕ್ಕಿತು. ಬಿಸಿಲಿಗೆ ಕಾದ ತಗಡಿನ ಮಾಡು ಒಳಗಿನವರ ತಲೆಯ ಮೇಲೆ ಕಾವು ಸುರಿಯದಂತೆ, ಮಾಡಿನಿಂದ ನಾಲ್ಕು ಬೆರಳು ಮೇಲೆ ಸೌರ ಫಲಕಗಳನ್ನೂ ಬಿಳಿ ಬಣ್ಣದ ತಗಡುಗಳನ್ನೂ ಕೂರಿಸಿದ್ದಾರೆ. ಬಿಸಿಲು ಅವುಗಳ ಮೇಲೆ ಬೀಳುತ್ತದೆ, ಕೆಳಗಿನ ಸಂದಿಯಲ್ಲಿ ಗಾಳಿ ಹಾಯುತ್ತದೆ. ಇದಕ್ಕೆ ‘ದ್ವಿಪದರ ಛಾವಣಿ’ ಎಂದು ಬರೆಯಲು ಹೊರಟಿದ್ದವನಿಗೆ ಬಡಗಿಯೇ ‘ಚಪ್ಪರ’ ಎಂಬ ಪದ ಕೊಟ್ಟ. ನೆರಳು ಕೊಟ್ಟು ಗಾಳಿಯನ್ನು ತಡೆಯದೆ ಬಿಡುವುದೇ ಚಪ್ಪರದ ಲಕ್ಷಣವಾದ್ದರಿಂದ, ಸಂದಿಗೆ ಹಾಸಿಗೆ, ಚೀಲ ತುರುಕಬಾರದು ಎಂದು ಬೇರೆ ಹೇಳಬೇಕಾಗಲಿಲ್ಲ.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಚಾಲಕನ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಹಾಸುವ ದಪ್ಪನೆಯ ಪದರದ ಹೆಸರು. ಹಳೆಯ ಬಸ್ಸುಗಳಲ್ಲಿ ಎಂಜಿನ್ ಮುಂದುಗಡೆ, ಚಾಲಕನ ಎಡಗಾಲಿನ ಹತ್ತಿರವೇ ಇರುವುದರಿಂದ, ಗಾಜಿನ ಉಣ್ಣೆ ತುಂಬಿ ರೆಕ್ಸಿನ್ ಹೊಲಿದ ಈ ಪದರ ಹರಿದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಾಲು ಬೇಯುತ್ತದೆ. ‘ಉಷ್ಣನಿರೋಧಕ’ ಎಂದರೆ ಪರೀಕ್ಷೆಯ ಉತ್ತರಪತ್ರಿಕೆಯ ವಾಸನೆ. ‘ಹೊದಿಕೆ’ ಎಂದರೆ ಎಂಜಿನ್ನನ್ನು ಬೆಚ್ಚಗಿಡಲು ಹೊದಿಸಿದ್ದೆಂದು ತೋರುತ್ತದೆ. ಚಾಲಕರು ಒಮ್ಮೆ ಎಂಜಿನ್ನಿಗೆ ಗಾಳಿಯಾಡಲೆಂದು ಅದನ್ನು ತೆಗೆದು ಹಿಂದಕ್ಕೆ ಎಸೆದದ್ದೂ ಉಂಟು. ‘ಕಾವುತಡೆ’ ಎಂದು ನಾನೇ ಕಟ್ಟಿಕೊಂಡ ಪದ ಕೈಪಿಡಿಯಲ್ಲಿ ಸದ್ಯಕ್ಕೆ ಕುಳಿತಿದೆ. ಕುಲುಮೆ, ಬೆಲ್ಲದ ಗಾಣ, ಸುಣ್ಣದ ಭಟ್ಟಿ ಇಂಥ ಕಡೆ ಬೆಂಕಿಗೂ ಕೆಲಸಗಾರನಿಗೂ ನಡುವೆ ಇಡುವ ಮರೆಗೆ ನಿಮ್ಮ ಊರುಗಳಲ್ಲಿ ಹೆಸರೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಕೈಪಿಡಿಯ ಎರಡನೆಯ ಮುದ್ರಣ ಯುಗಾದಿಗೆ ಮುಂಚೆ ಆಗಬೇಕಿದೆ.