ಅಪ್‌ಡೇಟ್: ಬಫೆಯಲ್ಲಿ ಎದ್ದು ಹೋದಾಗ ಮೇಜು ಉಳಿಸಿಕೊಳ್ಳುವುದು

ಕುಟುಂಬವೆಲ್ಲ ಬಡಿಸಿಕೊಳ್ಳಲು ಎದ್ದರೆ ಅರ್ಧ ಉಂಡ ತಟ್ಟೆಗಳನ್ನೂ ಎತ್ತಿಬಿಡುತ್ತಾರೆ, ಏನು ಮಾಡಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೆಲಸಕ್ಕೆ ಬಂದದ್ದು ಇಷ್ಟು.

ಎಲ್ಲರೂ ಒಮ್ಮೆಗೇ ಏಳಬಾರದು. ಇಬ್ಬರಾದರೂ ಕೂತಿರಲಿ, ಅಜ್ಜ-ಅಜ್ಜಿಗೆ ಮೊದಲು ಎದ್ದವರೇ ತಂದುಕೊಡಲಿ. ಏಳಲೇಬೇಕಾದರೆ ನ್ಯಾಪ್‌ಕಿನ್ ಕುರ್ಚಿಯ ಮೇಲಿಡಿ, ಮೇಜಿನ ಮೇಲಲ್ಲ. ಫೋರ್ಕ್, ಚಾಕು ತಟ್ಟೆಯಲ್ಲಿ ಅಡ್ಡಡ್ಡ ಇದ್ದರೆ ಊಟ ಮುಗಿದಿಲ್ಲ, ಜೋಡಿಯಾಗಿ ಪಕ್ಕಪಕ್ಕ ಇದ್ದರೆ ಮುಗಿಯಿತು ಎಂದರ್ಥ. ಆದರೆ ಕೈಯಲ್ಲೇ ಉಣ್ಣುವ ನಮ್ಮವರಿಗೆ ಈ ಗುರುತು ಸಾಲದು. ನಿಮ್ಮ ಮೇಜು ನೋಡಿಕೊಳ್ಳುವ ಸಪ್ಲೈಯರ್‌ಗೆ ‘ಈ ಎರಡು ತಟ್ಟೆ ಇರಲಿ, ಈಗ ಬರ್ತೀವಿ’ ಎಂದು ಹೇಳಿ ಹೋಗುವುದೇ ಗಟ್ಟಿ ಉಪಾಯ.

ಮೇಜಿನಲ್ಲೇ ಗ್ರಿಲ್ ಇರುವ ಕಡೆ ಪುಟ್ಟ ಬಾವುಟ ಇಟ್ಟಿರುತ್ತಾರೆ. ಅದು ಮೇಲಿರುವಷ್ಟು ಹೊತ್ತು ಸ್ಟಾರ್ಟರ್ ಬರುತ್ತಲೇ ಇರುತ್ತದೆ, ಸಾಕಾದಾಗ ಇಳಿಸಬೇಕು.

ಖಾಲಿ ತಟ್ಟೆ ಎತ್ತಿದರೆ ಬೇಸರ ಬೇಡ. ಎರಡನೇ ಸಲಕ್ಕೆ ಹೊಸ ತಟ್ಟೆಯೇ ಬೇಕು. ಎಂಜಲು ತಟ್ಟೆಗೆ ತಾಗಿದ ಸೌಟು ಎಲ್ಲರ ಪಲ್ಯದ ಪಾತ್ರೆಗೇ ವಾಪಸ್ ಹೋಗುತ್ತದೆ, ಇದನ್ನು ಮಕ್ಕಳಿಗೂ ಹೇಳಿಕೊಡಿ. ಜಾಗ ಹಿಡಿಯಲು ಮೊಬೈಲ್, ಪರ್ಸ್ ಮಾತ್ರ ಬಿಟ್ಟು ಹೋಗಬೇಡಿ. ಅರ್ಧ ತುಂಬಿದ ನೀರಿನ ಲೋಟ ಸಾಕು.