ಅಮೆರಿಕದಲ್ಲಿ ಸದನ ಕಳೆದುಕೊಂಡ ಅಧ್ಯಕ್ಷರು ಮತ್ತೆ ಗೆಲ್ಲುವುದೇಕೆ?

ಪ್ರಶ್ನೆ:
1994ರಲ್ಲಿ ಕ್ಲಿಂಟನ್ ಅವರ ಡೆಮಾಕ್ರಟಿಕ್ ಪಕ್ಷವು ಅಮೆರಿಕದ ಸಂಸತ್ತಿನ ಎರಡೂ ಸದನಗಳನ್ನು ಕಳೆದುಕೊಂಡಿತು. ಎರಡೇ ವರ್ಷಗಳಲ್ಲಿ ಅವರು 379 ಎಲೆಕ್ಟೋರಲ್ ಮತಗಳೊಂದಿಗೆ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಹಂಚಿದ ಮತಗಳು) ಮರುಆಯ್ಕೆಯಾದರು. 2010ರಲ್ಲಿ ಜನಪ್ರತಿನಿಧಿ ಸಭೆಯ 63 ಸ್ಥಾನ ಕಳೆದುಕೊಂಡ ಒಬಾಮ ಅವರ ಕಥೆಯೂ ಇದೇ. 1985ರ ಬಳಿಕ ಆಡಳಿತ ಪಕ್ಷವೊಂದು ಬಹುಮತದೊಡನೆ ಮರಳಿದ್ದನ್ನೇ ಕಾಣದ ಕರ್ನಾಟಕದವನಾದ ನನಗೆ ಇದು ಒಗಟಾಗಿದೆ. ಸದನದಲ್ಲಿ ಸೋಲಿಸಿದ ಮತದಾರರೇ ಅಧ್ಯಕ್ಷರನ್ನು ಮತ್ತೆ ಆರಿಸುವುದೇಕೆ?

ಉತ್ತರ 1:
'ಮತದಾರರೇ' ಎಂಬ ಪದದಲ್ಲಿಯೇ ತೊಡಕಿದೆ. ಅರ್ಹರ ಪೈಕಿ ಅಧ್ಯಕ್ಷ ಚುನಾವಣೆ ಇಲ್ಲದ 2010ರಲ್ಲಿ ಮತ ಹಾಕಿದವರು ಸುಮಾರು ಶೇ 41, ಅಧ್ಯಕ್ಷ ಚುನಾವಣೆ ನಡೆದ 2012ರಲ್ಲಿ ಸುಮಾರು ಶೇ 58. ಸಿಟ್ಟಾದವರು ಎರಡೂ ಸಲ ಬರುತ್ತಾರೆ. ಅಧ್ಯಕ್ಷರ ಬಗ್ಗೆ ಒಲವಿದ್ದೂ ಮನೆಯಲ್ಲೇ ಉಳಿದ ಯುವಜನರು ಎರಡನೆಯ ಸಲವಷ್ಟೇ ಬರುತ್ತಾರೆ.

ಉತ್ತರ 2:
ಸದನ ಕೈತಪ್ಪುವುದು ಕೆಲವೊಮ್ಮೆ ವರವೂ ಆಗುತ್ತದೆ, ಏಕೆಂದರೆ ತಪ್ಪು ಹೊರಿಸಲು ಒಬ್ಬರು ಸಿಕ್ಕಂತಾಗುತ್ತದೆ. 1946ರಲ್ಲಿ ಎರಡೂ ಸದನ ಕಳೆದುಕೊಂಡಿದ್ದ ಟ್ರೂಮನ್, 1948ರ ಪಕ್ಷದ ಸಮಾವೇಶದಲ್ಲಿ ರಾತ್ರಿ ಎರಡರ ಸುಮಾರಿಗೆ ಮಾತಿಗೆ ನಿಂತು, ತಮ್ಮ ಮಿಸೌರಿಯ ರೈತರು ಟರ್ನಿಪ್ ಬಿತ್ತುವ ದಿನವೆನ್ನುವ ಜುಲೈ 26ಕ್ಕೆ ವಿಶೇಷ ಅಧಿವೇಶನ ಕರೆಯುವುದಾಗಿ ಸಾರಿದರು. ರಿಪಬ್ಲಿಕನ್ನರು ತಮ್ಮ ಪ್ರಣಾಳಿಕೆಯಲ್ಲಿ ಬರೆದುಕೊಂಡದ್ದನ್ನೇ ಮಾಡಿ ತೋರಿಸಲಿ ಎಂಬುದು ಅವರ ಸವಾಲಾಗಿತ್ತು. ಅಧಿವೇಶನದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅವರಿಗೆ ಬೇಕಿದ್ದುದೂ ಅದೇ. ರೈಲಿನ ಕೊನೆಯ ಬೋಗಿಯ ಹಿಂಬದಿಯಲ್ಲಿ ನಿಂತು, ಏನೂ ಮಾಡದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಇದೆಂದು ಊರೂರಿಗೆ ಸಾರಿದ ಟ್ರೂಮನ್ ತಾವೂ ಗೆದ್ದರು, ಸದನಗಳನ್ನೂ ಮರಳಿ ಪಡೆದರು. 1995–96ರಲ್ಲಿ ಬಜೆಟ್ ಜಗಳದಿಂದ 21 ದಿನ ಸರ್ಕಾರಿ ಕಚೇರಿಗಳು ಮುಚ್ಚಿದಾಗಲೂ ಜನರು ಕ್ಲಿಂಟನ್ ಅವರಿಗಿಂತ ರಿಪಬ್ಲಿಕನ್ ಸದನವನ್ನೇ ಹೆಚ್ಚು ದೂರಿದರು.

ಉತ್ತರ 3:
ಮೇಲಿನವರ ಮಾತು ಸರಿಯೇ. ಆದರೆ ಕಣದಲ್ಲಿ ಉಳಿದವರನ್ನಷ್ಟೇ ನಾವು ಎಣಿಸುತ್ತಿದ್ದೇವೆ. ಎರಡನೆಯ ಮಹಾಯುದ್ಧದ ನಂತರ ಅಧಿಕಾರದಲ್ಲಿದ್ದುಕೊಂಡು ನವೆಂಬರ್‌ ಚುನಾವಣೆಯನ್ನು ಎದುರಿಸಿದ 12 ಅಧ್ಯಕ್ಷರಲ್ಲಿ 8 ಮಂದಿ ಗೆದ್ದಿದ್ದಾರೆ. ಗಾಳಿಯ ದಿಕ್ಕು ನೋಡಿ ಹಿಂದೆ ಸರಿದ 1952ರ ಟ್ರೂಮನ್, 1968ರ ಜಾನ್ಸನ್, 2024ರ ಬೈಡನ್ ಈ ಲೆಕ್ಕಕ್ಕೇ ಬರುವುದಿಲ್ಲ. ಸೋತ ನಾಲ್ವರಲ್ಲಿ ಫೋರ್ಡ್, ಕಾರ್ಟರ್ ಮತ್ತು ಹಿರಿಯ ಬುಷ್ ಅವರಿಗೆ ಸ್ವಪಕ್ಷದಲ್ಲೇ ಕ್ರಮವಾಗಿ ರೇಗನ್, ಎಡ್ವರ್ಡ್ ಕೆನಡಿ ಮತ್ತು ಬ್ಯುಕ್ಯಾನನ್ ಎದುರು ನಿಂತಿದ್ದರು. ಆದ್ದರಿಂದ ಸದನದ ಬಲಾಬಲಕ್ಕಿಂತ ಮನೆಯೊಳಗಿನ ಜಗಳವನ್ನೇ ನಾನು ಮೊದಲು ನೋಡುತ್ತೇನೆ. ನಾಲ್ಕನೆಯವರಾದ ಟ್ರಂಪ್ ಮಾತ್ರ 2020ರಲ್ಲಿ ಪಕ್ಷದೊಳಗೆ ಹೇಳಿಕೊಳ್ಳುವಂಥ ಎದುರಾಳಿಯಿಲ್ಲದೆಯೂ ಸೋತರು. ಆ ವರ್ಷದ ಕೋವಿಡ್ ಸಂಕಷ್ಟವನ್ನು ಬಿಟ್ಟು ಆ ಫಲಿತಾಂಶವನ್ನು ಓದಲಾಗದು.